ಅಳತೆ ಒಂದಾಗದ ಗೋಡೆ ಟೈಲ್ಸ್: ಎರಡು ಬಚ್ಚಲುಮನೆಗಳ ಪ್ರಕರಣ

ಹಿನ್ನೆಲೆ

ಮಲೆನಾಡಿನ ಅಂಚಿನ ಒಂದು ತಾಲ್ಲೂಕು ಕೇಂದ್ರ. ಅಲ್ಲಿನ ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಹಳೆಯ ಮನೆಯ ಎರಡು ಬಚ್ಚಲುಮನೆಗಳನ್ನೂ ಅಡುಗೆಮನೆಯ ಕಟ್ಟೆಯ ಮೇಲಿನ ಗೋಡೆಯನ್ನೂ ಹೊಸದು ಮಾಡಿಸಲು ಹೊರಟಿದ್ದರು. ಊರು, ಹೆಸರು, ಅಂಗಡಿ, ಟೈಲ್ಸ್ ತಯಾರಿಸಿದ ಕಂಪನಿ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಹೇಳಿದರೆ ಪ್ರಯೋಜನವೂ ಇಲ್ಲ. ಯಾವ ಕಂಪನಿಯ ಮಾಲಿನಲ್ಲೂ ಆಗಬಹುದಾದದ್ದು ಇದು.

ಟೈಲ್ಸ್ ಕೊಳ್ಳುವ ಕೆಲಸವನ್ನು ಅವರು ತಾವೇ ಮುಗಿಸಿದ್ದರು. ಜಿಲ್ಲಾ ಕೇಂದ್ರದ ಅಂಗಡಿಯೊಂದು ಹಳೆಯ ದಾಸ್ತಾನು ಖಾಲಿ ಮಾಡುತ್ತಿತ್ತು. ಹನ್ನೆರಡು ಇಂಚಿಗೆ ಹದಿನೆಂಟು ಇಂಚಿನ, ಅಂದರೆ 300 ಮಿ.ಮೀ.ಗೆ 450 ಮಿ.ಮೀ. ಅಳತೆಯ, ಕೆನೆಬಣ್ಣದ ಹೊಳಪು ಸೆರಾಮಿಕ್ ಟೈಲ್ಸ್. ಡಬ್ಬಿಗೆ ಆರು, ಹೆಚ್ಚುಕಡಿಮೆ 8.7 ಚದರಡಿ. ಉಳಿದಿದ್ದ 44 ಡಬ್ಬಿಗಳನ್ನೂ ಅರ್ಧದಷ್ಟು ಬೆಲೆಗೆ ಎತ್ತಿಕೊಂಡು ಬಂದಿದ್ದರು. ಲೆಕ್ಕ ಹಾಕಿದರೆ 264 ಟೈಲ್ಸ್. ಬಣ್ಣದ ಶೇಡ್ ಸಂಖ್ಯೆ ಎಲ್ಲ ಡಬ್ಬಿಗಳ ಮೇಲೂ ಒಂದೇ ಇತ್ತು, ಅಂಗಡಿಯವರು ಅದನ್ನು ಸರಿಯಾಗಿಯೇ ನೋಡಿ ಕೊಟ್ಟಿದ್ದರು. ಬ್ಯಾಚ್ ಸಂಖ್ಯೆ, ಅಂದರೆ ಯಾವ ಸುತ್ತಿನಲ್ಲಿ ತಯಾರಾದ ಮಾಲು ಎಂಬ ಗುರುತು, ಮಾತ್ರ ಎರಡು ಬಗೆಯದಿತ್ತು. ಅದನ್ನು ಯಾರೂ ಓದಿರಲಿಲ್ಲ. ಓದುವ ರೂಢಿಯೂ ನಮ್ಮಲ್ಲಿ ಇಲ್ಲ.

ಎರಡೂ ಬಚ್ಚಲುಮನೆಗಳು ಎಂಟು ಅಡಿಗೆ ಐದು ಅಡಿ. ಟೈಲ್ಸ್ ಅನ್ನು ಅಡ್ಡಲಾಗಿ, ಅಂದರೆ ಉದ್ದನೆಯ ಬದಿ ನೆಲಕ್ಕೆ ಸಮಾಂತರವಾಗಿ, ಏಳು ಸಾಲು ಕೂರಿಸುವುದೆಂದು ತೀರ್ಮಾನವಾಗಿತ್ತು. ಮೇಸ್ತ್ರಿ ರಾಯಚೂರು ಕಡೆಯವರು, ಇಪ್ಪತ್ತು ವರ್ಷದ ಅನುಭವಿ, ಕೈ ಶುದ್ಧ. ಮನೆಯೊಡತಿಯ ಷರತ್ತು ಒಂದೇ: ಸಂದು ಕಾಣಬಾರದು. "ಸಂದು ಬಿಟ್ಟರೆ ಅದರಲ್ಲಿ ಕೊಳೆ ಕೂರುತ್ತದೆ, ಉಜ್ಜುವವರು ಯಾರು ಮೇಸ್ತ್ರಿಗಳೇ?" ಎಂದಿದ್ದರಂತೆ. ನಮ್ಮೂರುಗಳಲ್ಲಿ ಹತ್ತರಲ್ಲಿ ಒಂಬತ್ತು ಮನೆಯವರು ಹೇಳುವುದು ಇದನ್ನೇ. ಮೇಸ್ತ್ರಿ ಒಪ್ಪಿಕೊಂಡು ಅಂಚಿಗೆ ಅಂಚು ತಾಗಿಸಿ ಮೊದಲ ಗೋಡೆ ಆರಂಭಿಸಿದರು.

ಗೆರೆ ಕೆಟ್ಟದ್ದು

ನನ್ನನ್ನು ಕರೆದಾಗ ಎಂಟು ಅಡಿ ಉದ್ದದ ಗೋಡೆಯಲ್ಲಿ ನಾಲ್ಕು ಸಾಲು ಏರಿತ್ತು. ಎಡಮೂಲೆಯಲ್ಲಿ ನಿಂತು ನೋಡಿದರೆ ದೋಷವೇ ಇಲ್ಲ, ಮೇಲಿನಿಂದ ಕೆಳಗಿಳಿಯುವ ಲಂಬ ಗೆರೆ ನೆಟ್ಟಗಿದೆ. ಬಲಕ್ಕೆ ಹೋದ ಹಾಗೆ ಗೆರೆ ಮೆಟ್ಟಿಲಾಗುತ್ತದೆ. ಐದನೆಯ ಟೈಲ್‌ನ ತುದಿಗೆ ಬರುವಷ್ಟರಲ್ಲಿ ಎರಡನೆಯ ಸಾಲಿಗೂ ಮೂರನೆಯ ಸಾಲಿಗೂ ಒಂದು ಸೆಂಟಿಮೀಟರ್ ಅಂತರ. ಮೇಸ್ತ್ರಿ ಅದನ್ನು ನುಂಗಲು ಕೆಲವು ಅಂಚುಗಳನ್ನು ಗ್ರೈಂಡರ್ ಹಿಡಿದು ಸವೆಸಿದ್ದರು. ಸವೆಸಿದ ಕಡೆಯೆಲ್ಲ ಹೊಳಪಿನ ಪದರ ಚಕ್ಕೆ ಎದ್ದು ಒಳಗಿನ ಕೆಂಪು ಮಣ್ಣು ಕಾಣುತ್ತಿತ್ತು. ಅಡ್ಡಸಾಲುಗಳೂ ಅಲ್ಲಲ್ಲಿ ಕೂದಲೆಳೆಯಷ್ಟು ಬಾಯಿ ಬಿಟ್ಟಿದ್ದವು.

"ಗೋಡೆ ಮಟ್ಟವಾಗಿದೆ ಸರ್, ನೀವೇ ತೂಗುಗುಂಡು ಬಿಟ್ಟು ನೋಡಿ. ಮಾಲೇ ಸರಿ ಇಲ್ಲ" ಎಂದರು ಮೇಸ್ತ್ರಿ. ಗುಂಡು ಬಿಟ್ಟೆ, ಅವರು ಹೇಳಿದ್ದು ನಿಜ. ಮೇಸ್ತ್ರಿಗೆ ಕೈ ಬರುವುದಿಲ್ಲ ಎಂಬ ತೀರ್ಪನ್ನು ಮನೆಯವರು ಆಗಲೇ ಕೊಟ್ಟಾಗಿತ್ತು. ಇಂಥ ಜಗಳಗಳಲ್ಲಿ ಮೊದಲು ಬಲಿಯಾಗುವುದು ಗೋಡೆಯ ಮುಂದೆ ನಿಂತವನೇ.

ಒಂದು ಸೆಂಟಿಮೀಟರ್ ಎಲ್ಲಿಂದ ಬಂತು ಎಂಬುದನ್ನು ಗೊತ್ತುಮಾಡಿಕೊಳ್ಳದೆ ಮುಂದಿನ ಕೆಲಸ ಬೇಡ ಎಂದೆ. ಬೇರೆಬೇರೆ ಡಬ್ಬಿಗಳಿಂದ ಹತ್ತು ಟೈಲ್ಸ್ ತೆಗೆಸಿದೆ. ಹತ್ತು ಎಂಬುದು ನಾನು ಕಟ್ಟಿದ ಸಂಖ್ಯೆಯಲ್ಲ. ಟೈಲ್ಸ್ ಅಳತೆಯನ್ನು ಪರೀಕ್ಷಿಸುವ ಐಎಸ್‌ಒ 10545 ಎಂಬ ಅಂತರರಾಷ್ಟ್ರೀಯ ಮಾನದಂಡದ ಎರಡನೆಯ ಭಾಗದಲ್ಲೂ ಇಡೀ ಟೈಲ್ಸ್ ಹತ್ತನ್ನೇ ಅಳೆಯುತ್ತಾರೆ. ಅರ್ಧ ಮಿಲಿಮೀಟರ್ ಗುರುತಿರುವ ಉಕ್ಕಿನ ಅಳತೆಪಟ್ಟಿಯಲ್ಲಿ ನೋಡಿದರೆ ಉದ್ದ 448.5ರಿಂದ 450.5 ಮಿ.ಮೀ.ವರೆಗೆ, ಅಗಲ 299ರಿಂದ 300.5 ಮಿ.ಮೀ.ವರೆಗೆ. ಉದ್ದದಲ್ಲಿ ಎರಡು ಮಿಲಿಮೀಟರ್ ವ್ಯತ್ಯಾಸ. ಸಾಲಿಗೆ ಐದು ಟೈಲ್ಸ್, ಐದೆರಡಲ ಹತ್ತು. ಗೋಡೆಯ ಮೇಲಿದ್ದ ಸೆಂಟಿಮೀಟರ್ ಸಿಕ್ಕಿತು.

ಆದರೆ ಇದರಲ್ಲಿ ಒಂದು ಒಗಟಿತ್ತು. ದೊಡ್ಡದು ಚಿಕ್ಕದು ಬೆರೆತಿದ್ದರೆ ಒಂದು ಸಾಲಿನೊಳಗೇ ಹೆಚ್ಚುಕಡಿಮೆ ಹೊಂದಿಕೊಂಡು ತುದಿಯಲ್ಲಿ ಅಂತರ ಅಷ್ಟು ಬೆಳೆಯಬಾರದು. ಇಲ್ಲಿ ಪೂರ್ತಿ ಬೆಳೆದಿತ್ತು. ಕಾರಣ ಡಬ್ಬಿಯಲ್ಲಿತ್ತು. ಈ ಗೋಡೆಯ ಒಂದು ಸಾಲಿಗೆ ಬೇಕಾದದ್ದು ಐದೂವರೆ ಟೈಲ್ಸ್; ಡಬ್ಬಿಯಲ್ಲಿ ಇರುವುದು ಆರು. ಸಹಾಯಕ ಹುಡುಗ ಒಂದೊಂದೇ ಡಬ್ಬಿ ಒಡೆದು ಕೊಡುತ್ತಿದ್ದ. ಹೀಗಾಗಿ ಒಂದು ಸಾಲು ಇಡಿಯಾಗಿ ಒಂದು ಬ್ಯಾಚಿನದು, ಅದರ ಮೇಲಿನ ಸಾಲು ಇಡಿಯಾಗಿ ಇನ್ನೊಂದರದು. ವ್ಯತ್ಯಾಸ ಎಷ್ಟು ದೊಡ್ಡದಾಗಿ ಕಾಣಲು ಸಾಧ್ಯವೋ ಅಷ್ಟು ದೊಡ್ಡದಾಗಿ ಕಾಣುವಂತೆ, ಯಾರೂ ಉದ್ದೇಶಿಸದೆಯೇ, ಜೋಡಣೆಯಾಗಿತ್ತು.

ಟೈಲ್ಸ್ ಅಳತೆ ಏಕೆ ಬದಲಾಗುತ್ತದೆ ಎಂದು ಮನೆಯವರು ಕೇಳಿದರು. ಗುಜರಾತಿನ ಮೋರ್ಬಿಯಿಂದ ಬರಲಿ, ಬೇರೆಲ್ಲಿಂದಲೇ ಬರಲಿ, ಗೋಡೆಯ ಸೆರಾಮಿಕ್ ಟೈಲ್ ಎಂದರೆ ಪುಡಿಮಣ್ಣನ್ನು ಅಚ್ಚಿನಲ್ಲಿ ಒತ್ತಿ ಗೂಡಿನಲ್ಲಿ ಸುಟ್ಟದ್ದು. ಸುಟ್ಟಾಗ ಅದು ಕುಗ್ಗುತ್ತದೆ. ಒತ್ತಡ ಕಡಿಮೆ ಬಿದ್ದ ಟೈಲ್ ಹೆಚ್ಚು ಕುಗ್ಗುತ್ತದೆ. ಗೂಡಿನ ಶಾಖ ಹೆಚ್ಚಾದರೂ ಹೆಚ್ಚು ಕುಗ್ಗುತ್ತದೆ. ಅಚ್ಚಿನ ಒಂದು ಬದಿಗೆ ಪುಡಿ ಕಡಿಮೆ ತುಂಬಿದರೆ ಆ ಬದಿ ಕಿರಿದಾಗಿ ಟೈಲ್ ಸೊಟ್ಟ ಚೌಕವಾಗುತ್ತದೆ. ಸುಟ್ಟ ಮೇಲೆ ಅಂಚು ಅರೆದು ಒಂದೇ ಅಳತೆಗೆ ತರುವ ರೆಕ್ಟಿಫೈಡ್ ಟೈಲ್ಸ್ ಬೇರೆಯೇ ಜಾತಿ, ಬೆಲೆಯೂ ಬೇರೆ. ಇವು ಅವಲ್ಲ. ಮಾನದಂಡಗಳು ಸಹ ಒಂದಿಷ್ಟು ವ್ಯತ್ಯಾಸವನ್ನು ಒಪ್ಪುತ್ತವೆ. ಹಾಗಾಗಿ "ಮಾಲೇ ಸರಿ ಇಲ್ಲ" ಎಂಬ ಮಾತನ್ನು ನಾನು ಪೂರ್ತಿ ಒಪ್ಪಲಿಲ್ಲ. ಮಾಲು ಒಂದು ಬಗೆ, ಅದಕ್ಕೆ ಕೇಳಿದ ಕೆಲಸ ಇನ್ನೊಂದು ಬಗೆ. ಸಂದೇ ಇಲ್ಲದ ಜೋಡಣೆ ಒಂದೇ ಅಳತೆಯ ಟೈಲ್ಸ್ ಅನ್ನು ಬೇಡುತ್ತದೆ; ಅಂಥದ್ದನ್ನು ಇವರು ಕೊಂಡಿರಲಿಲ್ಲ.

ನೋಡಿ ಬಿಟ್ಟ ದಾರಿಗಳು

ಮೊದಲು ಅಂಗಡಿಗೆ ಫೋನ್ ಹೋಯಿತು. ದಾಸ್ತಾನು ಖಾಲಿ ಮಾಡಿದ ಮಾಲು, ವಾಪಸ್ ಇಲ್ಲ ಎಂಬ ಉತ್ತರ ಬಂತು. ಒಡೆದ ಡಬ್ಬಿಗಳಿದ್ದುದರಿಂದ ಅದನ್ನು ಎಳೆಯುವುದರಲ್ಲಿ ಅರ್ಥವಿರಲಿಲ್ಲ.

ಮೇಸ್ತ್ರಿ ಇಟ್ಟಿಗೆಕಟ್ಟಿನ ಮಾದರಿ ಸೂಚಿಸಿದರು: ಒಂದು ಸಾಲಿನ ಸಂದು ಮೇಲಿನ ಸಾಲಿನ ಟೈಲ್‌ನ ನಡುವಿಗೆ ಬರುವ ಹಾಗೆ. ಲಂಬ ಗೆರೆಯೇ ಇಲ್ಲದಿದ್ದರೆ ಅದು ಸೊಟ್ಟಗಾಗುವ ಪ್ರಶ್ನೆ ಎಲ್ಲಿಂದ? ಬುದ್ಧಿವಂತ ಸಲಹೆ, ಬಹಳ ಕಡೆ ಇದರಿಂದಲೇ ಕೆಲಸ ಉಳಿಯುತ್ತದೆ. ಅಂಗಳದ ಹಲಗೆಯ ಮೇಲೆ ಆರು ಟೈಲ್ಸ್ ಹಾಗೆ ಜೋಡಿಸಿ ಬದಿಯಿಂದ ಬೆಳಕು ಬೀಳುವಂತೆ ಎತ್ತಿ ನಿಲ್ಲಿಸಿದೆವು. ಎರಡು ಸಂಗತಿ ಕಂಡವು. ಅಗಲದ ವ್ಯತ್ಯಾಸ ಹಾಗೆಯೇ ಉಳಿದು ಅಡ್ಡಗೆರೆ ಮುರಿಯುತ್ತಿತ್ತು. ಜೊತೆಗೆ ಟೈಲ್ಸ್ ನಡುವಿನಲ್ಲಿ ತುಸು ಉಬ್ಬಿದ್ದವು. ಒಂದರ ಉಬ್ಬಿನ ಪಕ್ಕಕ್ಕೆ ಇನ್ನೊಂದರ ತಗ್ಗಿದ ಮೂಲೆ ಬಂದಾಗ ಅಂಚು ಉಗುರಿಗೆ ತಡೆಯುತ್ತಿತ್ತು, ಬೆಳಕಿನಲ್ಲಿ ನೆರಳು ಬೀಳುತ್ತಿತ್ತು. ಉದ್ದದ ಟೈಲ್ಸ್ ಅನ್ನು ಅರ್ಧಕ್ಕೆ ಸರಿಸಬೇಡಿ, ಹೆಚ್ಚೆಂದರೆ ಮೂರನೇ ಒಂದು ಭಾಗ ಸರಿಸಿ ಎಂದು ಅಮೆರಿಕದ ಮಾನದಂಡ ಹೇಳುವುದು ಇದೇ ಕಾರಣಕ್ಕೆ. ಬಚ್ಚಲಿನ ಗವಾಕ್ಷಿ ಪಶ್ಚಿಮಕ್ಕಿತ್ತು. ಸಂಜೆ ಬಿಸಿಲು ಗೋಡೆಯನ್ನು ಸವರಿಕೊಂಡು ಹೋಗುವ ಜಾಗದಲ್ಲಿ ಆ ನೆರಳುಗಳನ್ನು ದಿನವೂ ನೋಡಬೇಕಾಗುತ್ತಿತ್ತು. ಕೈಬಿಟ್ಟೆವು.

ಎಲ್ಲ ಟೈಲ್ಸ್ ಅನ್ನೂ ಅಂಚು ಕತ್ತರಿಸಿ ಚಿಕ್ಕ ಅಳತೆಗೆ ತರುವ ಯೋಚನೆಯೂ ಒಮ್ಮೆ ಬಂತು. ಗೋಡೆಯ ಮೇಲಿನ ಚಕ್ಕೆಗಳನ್ನು ತೋರಿಸಿದ ಮೇಲೆ ಆ ಮಾತು ನಿಂತಿತು.

ಉಳಿದದ್ದು ಸಂದು ಬಿಡುವುದು. ಎಷ್ಟು? ಟೈಲ್ಸ್ ಅಳವಡಿಕೆಗೆ ಸಂಬಂಧಿಸಿದ ಅಮೆರಿಕದ ಎಎನ್‌ಎಸ್‌ಐ ಎ108 ಮಾನದಂಡದಲ್ಲಿ ನೆನಪಿಡಲು ಸುಲಭವಾದ ಒಂದು ನಿಯಮವಿದೆ: ಟೈಲ್ಸ್ ಅಳತೆಯಲ್ಲಿ ಎಷ್ಟು ವ್ಯತ್ಯಾಸವಿದೆಯೋ ಅದರ ಮೂರು ಪಟ್ಟಾದರೂ ಸಂದು ಇರಬೇಕು. ನಮ್ಮ ಟೈಲ್‌ನ ಅಗಲದಲ್ಲಿ ವ್ಯತ್ಯಾಸ ಒಂದೂವರೆ ಮಿ.ಮೀ.; ಮೂರು ಪಟ್ಟು ಎಂದರೆ ನಾಲ್ಕೂವರೆ. ಉದ್ದದ ಲೆಕ್ಕ ಹಿಡಿದರೆ ಆರು. ಸಂದೇ ಬೇಡ ಎಂದ ಮನೆಯೊಡತಿಗೆ ಆರು ಮಿಲಿಮೀಟರ್ ಸಂದು ಎಂದು ಹೇಳುವ ಧೈರ್ಯ ನನಗೂ ಇರಲಿಲ್ಲ, ಮೇಸ್ತ್ರಿಗೂ ಇರಲಿಲ್ಲ.

ಈ ನಿಯಮವನ್ನು ತಿರುಗಿಸಿ ಓದಿದಾಗ ದಾರಿ ತೆರೆಯಿತು. ಸಂದು ಚಿಕ್ಕದಾಗಬೇಕಾದರೆ ವ್ಯತ್ಯಾಸ ಚಿಕ್ಕದಾಗಬೇಕು. ಟೈಲ್ಸ್ ಅನ್ನು ಬದಲಾಯಿಸಲಾಗದು, ಆದರೆ ಬೇರ್ಪಡಿಸಬಹುದು. ಅರ್ಧ ಮಿಲಿಮೀಟರಿನ ಅಂತರದಲ್ಲಿ ಗುಂಪು ಮಾಡಿದರೆ ಗುಂಪಿನೊಳಗೆ ಬೇಕಾಗುವ ಸಂದು ಬರೇ ಒಂದೂವರೆ ಮಿಲಿಮೀಟರ್.

ಅಳತೆಯ ಹಲಗೆ

264 ಟೈಲ್ಸ್ ಅನ್ನು ಪಟ್ಟಿ ಹಿಡಿದು ಅರ್ಧ ಮಿಲಿಮೀಟರ್ ನಿಖರತೆಯಲ್ಲಿ ಅಳೆಯುತ್ತಾ ಕುಳಿತರೆ ಕಣ್ಣು ಹೋಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಓದಿದ್ದೆಲ್ಲ ತಪ್ಪಾಗುತ್ತದೆ. ಬಡಗಿಯ ಹತ್ತಿರವಿದ್ದ ನಾಲ್ಕು ಅಡಿಯ ಪ್ಲೈವುಡ್ ತುಂಡಿನ ಮೇಲೆ ಎರಡು ಅಲ್ಯೂಮಿನಿಯಂ ಪಟ್ಟಿಗಳನ್ನು ಸ್ಕ್ರೂ ಹಾಕಿ ಕೂರಿಸಿದೆವು. ಸಮಾಂತರವಾಗಿ ಅಲ್ಲ. ಒಂದು ತುದಿಯಲ್ಲಿ ಅವುಗಳ ನಡುವೆ 302 ಮಿ.ಮೀ., ಇನ್ನೊಂದು ತುದಿಯಲ್ಲಿ 298. ನಾಲ್ಕು ಅಡಿಯಲ್ಲಿ ನಾಲ್ಕು ಮಿಲಿಮೀಟರ್ ಕಿರಿದಾಗುವ ಓಣಿ. ಅಗಲದ ತುದಿಯಿಂದ ಟೈಲ್ ಅನ್ನು ಒಳಗೆ ತಳ್ಳಿದರೆ ತನ್ನ ಅಳತೆಗೆ ತಕ್ಕ ಜಾಗದಲ್ಲಿ ಅದು ಸಿಕ್ಕಿಕೊಳ್ಳುತ್ತದೆ. ಟೈಲ್‌ನ ಅಗಲದಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸವಿದ್ದರೆ ಹಲಗೆಯ ಮೇಲೆ ಅದು ಅರ್ಧ ಅಡಿ ಹಿಂದೆಮುಂದೆ ನಿಲ್ಲುತ್ತದೆ. ಅರ್ಧ ಅಡಿಯನ್ನು ಯಾರು ಬೇಕಾದರೂ ಕನ್ನಡಕವಿಲ್ಲದೆ ನೋಡಬಹುದು.

ಹಲಗೆಯ ಮೇಲೆ ಅರ್ಧರ್ಧ ಅಡಿಗೆ ಗೆರೆ ಎಳೆದು ಮೂರು ಪಟ್ಟೆಗಳಿಗೆ ಅ, ಆ, ಇ ಎಂದು ಬರೆದೆವು. ಅ ಎಂದರೆ 300ರಿಂದ 300.5, ಆ ಎಂದರೆ 299.5ರಿಂದ 300, ಇ ಎಂದರೆ 299ರಿಂದ 299.5. ಹುಡುಗ ಟೈಲ್ ತಳ್ಳುವುದು, ಮುಂದಿನ ಅಂಚು ಯಾವ ಪಟ್ಟೆಯಲ್ಲಿ ನಿಂತಿತೋ ಆ ಅಕ್ಷರವನ್ನು ಹಿಂಬದಿಯ ಮಣ್ಣಿನ ಮೇಲೆ ಪೆನ್ಸಿಲಿನಲ್ಲಿ ಬರೆಯುವುದು. ಎರಡನೆಯ ಸುತ್ತಿನಲ್ಲಿ ಇನ್ನೊಂದು ಉಪಯೋಗ ಹೊಳೆಯಿತು, ಹೊಳೆದದ್ದು ಮೇಸ್ತ್ರಿಗೆ. ಅದೇ ಟೈಲ್ ಅನ್ನು ಹಿಂದುಮುಂದಾಗಿ ತಿರುಗಿಸಿ ಮತ್ತೆ ತಳ್ಳಿದರು. ಎರಡು ಬಾರಿಯೂ ಒಂದೇ ಗೆರೆಯಲ್ಲಿ ನಿಂತರೆ ಅದು ಸರಿಯಾದ ಚೌಕ. ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ನಿಂತರೆ ಒಂದು ತುದಿ ಅಗಲ, ಇನ್ನೊಂದು ತುದಿ ಕಿರಿದು, ಅಂದರೆ ಸೊಟ್ಟ. ಇಂಥವಕ್ಕೆ ಸೊ ಎಂದು ಬರೆದು ಬೇರೆ ಇಟ್ಟೆವು. ಅಳತೆಪಟ್ಟಿ ಹಿಡಿದು ಒಂದೇ ಕಡೆ ಅಳೆದಿದ್ದರೆ ಈ ಟೈಲ್ಸ್ ಎಂದಿಗೂ ಸಿಕ್ಕುತ್ತಿರಲಿಲ್ಲ, ಗೋಡೆಗೇರಿ ಗೆರೆಯನ್ನು ಎಳೆದಾಡುತ್ತಿದ್ದವು.

ಉದ್ದಕ್ಕೂ ಇನ್ನೊಂದು ಹಲಗೆ ಬೇಕೇ ಎಂಬ ಪ್ರಶ್ನೆ ಬಂತು. ಎರಡೂ ದಿಕ್ಕಿಗೆ ಗುಂಪು ಮಾಡಿದರೆ ಮೂರರ ಜಾಗದಲ್ಲಿ ಒಂಬತ್ತು ಗುಂಪಾಗಿ ಯಾವುದರಲ್ಲೂ ಒಂದು ಗೋಡೆಗೆ ಸಾಲುವಷ್ಟು ಟೈಲ್ಸ್ ಉಳಿಯುವುದಿಲ್ಲ. ಅ ಗುಂಪಿನಿಂದಲೂ ಇ ಗುಂಪಿನಿಂದಲೂ ಕೆಲವನ್ನು ತೆಗೆದು ಉದ್ದ ಅಳೆದೆವು. ಅಗಲದಲ್ಲಿ ಚಿಕ್ಕದು ಉದ್ದದಲ್ಲೂ ಚಿಕ್ಕದೇ ಆಗಿತ್ತು. ಕುಗ್ಗುವಾಗ ಟೈಲ್ ಎರಡು ದಿಕ್ಕಿಗೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕುಗ್ಗುತ್ತದೆಯಾದ್ದರಿಂದ ಇದು ನಿರೀಕ್ಷಿತವೇ, ಆದರೂ ನೋಡಿ ಖಚಿತಪಡಿಸಿಕೊಂಡದ್ದು ಒಳ್ಳೆಯದಾಯಿತು. ಒಂದು ಹಲಗೆ ಸಾಕಾಯಿತು, ಅರ್ಧ ದಿನದಲ್ಲಿ ಕೆಲಸ ಮುಗಿಯಿತು.

ಕೆಟ್ಟ ಗೋಡೆಯನ್ನು ಕೀಳುವಾಗ ಹತ್ತು ಟೈಲ್ಸ್ ಒಡೆದವು. ಕೈಯಲ್ಲಿ ಉಳಿದ 254ರಲ್ಲಿ ಅ 109, ಆ 66, ಇ 60, ಸೊಟ್ಟ 19.

ಗೆರೆ ಗೋಡೆಯದು, ಟೈಲ್‌ನದಲ್ಲ

ಈಗ ಸ್ಪೇಸರ್ ವಿಷಯ. ಸಂದು ಬಿಡುವುದು ಎಂದ ಕೂಡಲೇ ಮೇಸ್ತ್ರಿ ಅಂಗಡಿಯಿಂದ ಮೂರು ಮಿಲಿಮೀಟರಿನ ಪ್ಲಾಸ್ಟಿಕ್ ಕೂಡುಗುರುತಿನ ಸ್ಪೇಸರ್ ತರಿಸಿದ್ದರು. ಬಹಳ ಜನ ಇದೇ ಪರಿಹಾರ ಎಂದುಕೊಳ್ಳುತ್ತಾರೆ. ಅಳತೆ ಒಂದಾಗದ ಟೈಲ್ಸ್‌ಗೆ ಇದರಷ್ಟು ಹಾನಿಕರ ಇನ್ನೊಂದಿಲ್ಲ. ಸ್ಪೇಸರ್ ಸಂದನ್ನು ಒಂದೇ ಅಳತೆಯಲ್ಲಿ ಹಿಡಿದಿಡುತ್ತದೆ. ಸಂದು ಬದಲಾಗದಿದ್ದರೆ ಟೈಲ್‌ನ ವ್ಯತ್ಯಾಸ ಹೋಗುವುದೆಲ್ಲಿಗೆ? ಪೂರ್ತಿಯಾಗಿ ಗೆರೆಗೆ. ಅಂಚಿಗೆ ಅಂಚು ತಾಗಿಸಿದಾಗ ಆದದ್ದೇ ಮೂರು ಮಿಲಿಮೀಟರ್ ಅಂತರ ಬಿಟ್ಟೂ ಆಗುತ್ತದೆ. ನಮಗೆ ಬೇಕಾದದ್ದು ಇದರ ತದ್ವಿರುದ್ಧ: ಗೆರೆ ಅಲುಗಬಾರದು, ಸಂದು ಹಿಗ್ಗಿ ಕುಗ್ಗಬೇಕು.

ಇದನ್ನು ಮೇಸ್ತ್ರಿಗೆ ಹೇಳಲು ನಾನು ಟೈಲ್ಸ್ ಬಿಟ್ಟು ಇಟ್ಟಿಗೆಯ ಮಾತು ಎತ್ತಿದೆ. ಭಾರತೀಯ ಮಾನದಂಡದ ಮಾಡ್ಯುಲರ್ ಇಟ್ಟಿಗೆ 19 ಸೆಂ.ಮೀ.ಗೆ 9ಕ್ಕೆ 9; ಗಾರೆ ಸೇರಿದರೆ 20ಕ್ಕೆ 10ಕ್ಕೆ 10. ಗೂಡಿನ ಇಟ್ಟಿಗೆ ಯಾವತ್ತಾದರೂ ಸರಿಯಾಗಿ 9 ಸೆಂಟಿಮೀಟರ್ ದಪ್ಪ ಇರುತ್ತದೆಯೇ? ಇರುವುದಿಲ್ಲ. ಆದರೂ ಗೋಡೆ ಸಾಲುಸಾಲಾಗಿ ಮಟ್ಟವಾಗಿ ಏರುತ್ತದೆ, ಏಕೆಂದರೆ ಮೇಸ್ತ್ರಿ ಇಟ್ಟಿಗೆಯ ಮೇಲಂಚನ್ನು ದಾರಕ್ಕೆ ಕೂರಿಸುತ್ತಾನೆ. ಹೆಚ್ಚುಕಡಿಮೆಯನ್ನು ಕೆಳಗಿನ ಗಾರೆ ನುಂಗುತ್ತದೆ. "ಅಂದರೆ ಇದಕ್ಕೂ ದಾರವೇ ಕಟ್ಟಬೇಕು" ಎಂದರು ಮೇಸ್ತ್ರಿ. ಆ ಕ್ಷಣದಿಂದ ಕೆಲಸ ಅವರದಾಯಿತು, ನನ್ನದು ಲೆಕ್ಕ ಒಪ್ಪಿಸುವುದಷ್ಟೇ.

ಲೆಕ್ಕ ಇಷ್ಟು. ಅತಿ ದೊಡ್ಡ ಟೈಲ್‌ನ ಅಗಲ 300.5, ಅದಕ್ಕೆ ಕನಿಷ್ಠ ಎರಡೂವರೆ ಮಿಲಿಮೀಟರ್ ಸಂದು ಸೇರಿಸಿ 303. ಒಂದು ಸಾಲಿನ ಮೇಲಂಚಿನಿಂದ ಮುಂದಿನ ಸಾಲಿನ ಮೇಲಂಚಿಗೆ 303 ಮಿ.ಮೀ., ಟೈಲ್ ಯಾವ ಗುಂಪಿನದೇ ಇರಲಿ. ಅ ಗುಂಪಿನಲ್ಲಿ ಸಂದು ಎರಡೂವರೆಯಿಂದ ಮೂರು, "ಆ" ಗುಂಪಿನಲ್ಲಿ ಮೂರರಿಂದ ಮೂರೂವರೆ, ಇ ಗುಂಪಿನಲ್ಲಿ ಮೂರೂವರೆಯಿಂದ ನಾಲ್ಕು. ಅಕ್ಕಪಕ್ಕದ ಸಂದುಗಳ ನಡುವೆ ಅರ್ಧ ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬರುವುದಿಲ್ಲ. ಕಣ್ಣು ಹಿಡಿಯುವುದು ಅಕ್ಕಪಕ್ಕದ ವ್ಯತ್ಯಾಸವನ್ನು. ಈ ಗೋಡೆಯ ಸಂದಿಗೂ ಆ ಗೋಡೆಯ ಸಂದಿಗೂ ಇರುವುದನ್ನು ಅಲ್ಲ. ಉದ್ದದ ದಿಕ್ಕಿಗೆ 453.

ಅಡ್ಡಗೆರೆ ನಾಲ್ಕು ಗೋಡೆಯನ್ನೂ ಸುತ್ತಿ ಬರುತ್ತದೆ, ಮೂಲೆಯಲ್ಲಿ ಮುರಿದರೆ ಎಲ್ಲರಿಗೂ ಕಾಣುತ್ತದೆ. ಲಂಬ ಗೆರೆ ಅದೇ ಗೋಡೆಯಲ್ಲಿ ಹುಟ್ಟಿ ಅಲ್ಲೇ ಮುಗಿಯುತ್ತದೆ. ಟೈಲ್ಸ್ ಅನ್ನು ಅಗಲದ ಲೆಕ್ಕದಲ್ಲಿ ಗುಂಪು ಮಾಡಿದ್ದು ಇದೇ ಕಾರಣಕ್ಕೆ. ಟೈಲ್ಸ್ ನಿಲ್ಲಿಸಿ ಕೂರಿಸುವುದಿದ್ದರೆ ಉದ್ದದ ಲೆಕ್ಕ ಹಿಡಿಯಬೇಕಾಗುತ್ತಿತ್ತು.

ನೆಲದಿಂದ ಆರಂಭಿಸಲಿಲ್ಲ. ಬಚ್ಚಲಿನ ನೆಲ ನೀರು ಹರಿಯಲು ಇಳಿಜಾರಾಗಿರುತ್ತದೆ, ಅದನ್ನು ನಂಬಿ ಮೊದಲ ಸಾಲು ಕೂರಿಸಿದವನಿಗೆ ದೇವರೇ ಗತಿ. ಎರಡನೆಯ ಸಾಲು ಬರುವ ಎತ್ತರದಲ್ಲಿ ನಾಲ್ಕೂ ಗೋಡೆಗೆ ನೀರುಕೊಳವೆಯಿಂದ ಮಟ್ಟ ಹಿಡಿದು ಅಲ್ಯೂಮಿನಿಯಂ ಪಟ್ಟಿ ಬಡಿದೆವು. ಅಲ್ಲಿಂದ ಮೇಲಕ್ಕೆ 303ರ ಗುರುತುಗಳಿರುವ ಮರದ ಕೋಲನ್ನು ಮೂಲೆಮೂಲೆಗೂ ಹಿಡಿದು ಗೆರೆ ಹಾಕಿದೆವು. ಕೆಳಸಾಲನ್ನು ಕೊನೆಗೆ, ತಗ್ಗಿನ ಮೂಲೆಯಲ್ಲಿ ಇಡಿಯಾಗಿ, ಎತ್ತರದ ಮೂಲೆಯಲ್ಲಿ ಎರಡು ಸೆಂಟಿಮೀಟರಿನಷ್ಟು ಕತ್ತರಿಸಿ ಕೂರಿಸಿದ್ದು. ಸಿಮೆಂಟ್ ಹಾಲಿನ ಬದಲು ಐಎಸ್ 15477 ಮಾನದಂಡದ ಟೈಲ್ಸ್ ಅಂಟು ಬಳಸಿದೆವು. ಗಾರೆಗೆ ಕೂರಿಸುವಾಗ ಸೆರಾಮಿಕ್ ಟೈಲ್ಸ್ ಅನ್ನು ನೀರಿನಲ್ಲಿ ನೆನೆಸುತ್ತಾರೆ, ಅಂಟಿಗೆ ನೆನೆಸಬಾರದು. ಹುಡುಗ ಅಭ್ಯಾಸಬಲದಿಂದ ಬಕೆಟ್ಟಿಗೆ ಹಾಕಿದ್ದನ್ನು ಒಣಗಿಸಬೇಕಾಯಿತು. ಸ್ಪೇಸರ್‌ಗಳ ಜಾಗಕ್ಕೆ ಪ್ಲಾಸ್ಟಿಕ್ ಬೆಣೆಗಳು ಬಂದವು. ಟೈಲ್ ಒತ್ತಿ, ಕೆಳಗಿನಿಂದ ಬೆಣೆ ತೂರಿಸಿ, ಮೇಲಂಚು ದಾರವನ್ನು ಮುಟ್ಟೀಮುಟ್ಟದಂತೆ ಬರುವವರೆಗೆ ಬೆರಳಿನಿಂದ ತಟ್ಟುವುದು. ಬೆಣೆ ಎಲ್ಲಿಯವರೆಗೆ ಹೋಯಿತು ಎಂಬುದನ್ನು ಯಾರೂ ಅಳೆಯಲಿಲ್ಲ, ಅಳೆಯಬೇಕಾಗಿಯೂ ಇರಲಿಲ್ಲ.

ಲೆಕ್ಕ ಸಾಲದೆ ಬಂದಾಗ

ಮನೆಯೊಡತಿಗೆ ಎಲ್ಲ ಗೋಡೆಗಳೂ ನಡುವಿನಿಂದ ಎರಡು ಕಡೆಗೆ ಸಮನಾಗಿ ಹರಡಬೇಕೆಂಬ ಆಸೆ. ನ್ಯಾಯವಾದ ಆಸೆ. ಎಂಟು ಅಡಿಯ ಗೋಡೆಗೆ ನಾಲ್ಕು ಇಡೀ ಟೈಲ್ಸ್, ಎರಡು ತುದಿಗೆ 31 ಸೆಂಟಿಮೀಟರಿನ ತುಂಡು. ಐದು ಅಡಿಯ ಗೋಡೆಗೆ ಎರಡು ಇಡಿಯವು, ತುದಿಗೆ ಅದೇ 31ರ ತುಂಡು. ನೋಡಲು ಅಂದ. ಆದರೆ 31 ಕತ್ತರಿಸಿದರೆ ಉಳಿಯುವ 14 ಸೆಂಟಿಮೀಟರ್ ಕಸಕ್ಕೆ. ಹೀಗೆ ಮಾಡಿದರೆ ಬಾಗಿಲಿನ ಜಾಗ ಕಳೆದು ಎರಡು ಬಚ್ಚಲಿಗೇ 256 ಬೇಕು. ಇದ್ದದ್ದು 254, ಅದರಲ್ಲೂ 19 ಸೊಟ್ಟ. ಅಂಗಡಿಯಲ್ಲಿ ಇನ್ನೊಂದು ಡಬ್ಬಿಯೂ ಇಲ್ಲ.

ಬಾಗಿಲು ತೆರೆದಾಗ ಎದುರಿಗೆ ಕಾಣುವ ಐದು ಅಡಿಯ ಗೋಡೆಗೆ ಮಾತ್ರ ಸಮ ಹಂಚಿಕೆ ಎಂದು ತೀರ್ಮಾನಿಸಿದೆವು. ಉಳಿದ ಗೋಡೆಗಳಲ್ಲಿ ಒಳಮೂಲೆಯಿಂದ ಇಡೀ ಟೈಲ್‌ನಿಂದ ಹೊರಟು ತುಂಡನ್ನು ಬಾಗಿಲ ಬದಿಗೆ ತಳ್ಳುವುದು. ಅಲ್ಲಿ ಬರುವುದು 17 ಸೆಂಟಿಮೀಟರಿನ ತುಂಡಾದ್ದರಿಂದ ಒಂದು ಟೈಲ್‌ನಲ್ಲಿ ಎರಡು ತುಂಡು ಸಿಗುತ್ತವೆ. ಒಟ್ಟು 235 ಸಾಕಾಯಿತು. ಅಡುಗೆಮನೆಗೆ ಇನ್ನೂ ಇಪ್ಪತ್ತು ಬೇಕಿತ್ತು, 19 ಉಳಿಯುತ್ತಿದ್ದವು. ಒಂದು ಟೈಲ್ ಕೊರತೆಯನ್ನು ಹೇಗಾದರೂ ತುಂಬೋಣ ಎಂದು ಮೇಸ್ತ್ರಿ ಹುರುಪಿನಲ್ಲಿದ್ದರು. ನಾನು ಬೇಡ ಎಂದೆ. ನಾಳೆ ಗೋಡೆಯೊಳಗಿನ ಪೈಪ್ ಸೋರಿದರೆ ಒಡೆದ ಜಾಗಕ್ಕೆ ಹಾಕಲು ಒಂದೂ ಇರುವುದಿಲ್ಲ. ಮನೆಯೊಡತಿ ಅಡುಗೆಮನೆಗೆ ಬೇರೆ ಟೈಲ್ಸ್ ಕೊಂಡರು. ಅರ್ಧ ಬೆಲೆಗೆ ಕೊಂಡ ಲಾಭದ ಒಂದು ಪಾಲು ಅಲ್ಲಿ ಕರಗಿತು.

ಮೊದಲ ಬಚ್ಚಲಿಗೆ ಅ ಗುಂಪು ಇಡಿಯಾಗಿ ಹೋಯಿತು, ತುಂಡುಗಳಿಗೆ ಸೊಟ್ಟ ಟೈಲ್ಸ್. ಹೇಗೂ ಕತ್ತರಿಸುವುದು, ಕತ್ತರಿಸಿದ ಅಂಚು ಮೂಲೆಯೊಳಗೆ ಅಡಗುತ್ತದೆ. ಎರಡನೆಯದರಲ್ಲಿ ಎದುರಿನ ಗೋಡೆಗೂ ಒಂದು ಉದ್ದಗೋಡೆಗೂ "ಆ" ಗುಂಪು, ಉಳಿದೆರಡು ಗೋಡೆಗಳಿಗೆ ಇ ಗುಂಪು. ಗುಂಪು ಬದಲಾಗುವುದು ಮೂಲೆಯಲ್ಲಿ ಮಾತ್ರ. ಒಂದೇ ಗೋಡೆಯ ನಡುವೆ ಬದಲಾಯಿಸುವುದಿಲ್ಲ ಎಂಬ ನಿಯಮವನ್ನು ಕೊನೆಯವರೆಗೂ ಬಿಡಲಿಲ್ಲ.

ಸಂದಿನ ಬಗ್ಗೆ ಮನೆಯೊಡತಿಯನ್ನು ಒಪ್ಪಿಸಿದ್ದು ವಾದದಿಂದಲ್ಲ. ಹಳೆಯ ಬಚ್ಚಲಿನ ಒಂದು ಗೋಡೆ ಇನ್ನೂ ಕಿತ್ತಿರಲಿಲ್ಲ. ಅದನ್ನು ಅಂಚಿಗೆ ಅಂಚು ತಾಗಿಸಿ ವೈಟ್ ಸಿಮೆಂಟ್ ಸವರಿ ಮುಗಿಸಿದ್ದರು. ಆ ಗೆರೆಗಳೆಲ್ಲ ಕಪ್ಪಾಗಿದ್ದವು. ತಾಗಿಸಿದ ಅಂಚಿನೊಳಗೆ ಗ್ರೌಟ್, ಅಂದರೆ ಸಂದು ತುಂಬುವ ಗಾರೆ, ಇಳಿಯುವುದಿಲ್ಲ, ಮೇಲೆ ಸವರಿದ್ದು ಉದುರುತ್ತದೆ, ನೀರು ಒಳಗೆ ಹೋಗುತ್ತದೆ. ಗೋಡೆಯ ಸೆರಾಮಿಕ್ ಟೈಲ್‌ನ ಮಣ್ಣು ತನ್ನ ತೂಕದ ನೂರಕ್ಕೆ ಹತ್ತಕ್ಕಿಂತ ಹೆಚ್ಚು ನೀರು ಹೀರುವಂಥದ್ದು. ಮನೆಯೊಡತಿ ಆ ಕಪ್ಪು ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿ, "ಹಾಗಾದರೆ ಟೈಲ್ಸ್ ಬಣ್ಣದ್ದೇ ಗ್ರೌಟ್ ಹಾಕಿ" ಎಂದಷ್ಟೇ ಹೇಳಿದರು. ಆ ಮಾತು ನಾವು ಹೇಳಬೇಕೆಂದಿದ್ದದ್ದೇ. ಕೆನೆಬಣ್ಣದ ಟೈಲ್‌ಗೆ ಕಂದು ಗ್ರೌಟ್ ಹಾಕಿದರೆ ಎರಡೂವರೆಗೂ ನಾಲ್ಕಕ್ಕೂ ಇರುವ ವ್ಯತ್ಯಾಸ ಬಾಗಿಲಲ್ಲೇ ಕಾಣುತ್ತದೆ. ಕೆನೆಬಣ್ಣದ್ದೇ ಆದರೆ ಹುಡುಕಬೇಕು. ಶವರ್ ಬೀಳುವ ಭಾಗಕ್ಕೆ ಎಪಾಕ್ಸಿ ಗ್ರೌಟ್, ಉಳಿದ ಕಡೆ ಸಿಮೆಂಟಿನದು.

ಫಲ

ಅಡ್ಡಗೆರೆಗಳು ನಾಲ್ಕೂ ಮೂಲೆಗಳಲ್ಲಿ ಕೂಡಿದವು. ಎದುರಿನ ಗೋಡೆ ಎರಡೂ ಬಚ್ಚಲಿನಲ್ಲಿ ಚೆನ್ನಾಗಿ ಬಂದಿದೆ. ದೋಷವೇ ಇಲ್ಲ ಎಂದಲ್ಲ. ಎರಡನೆಯ ಬಚ್ಚಲಿನ ಬಾಗಿಲ ಹಿಂದೆ, ಇ ಗುಂಪಿನ ಗೋಡೆಯಲ್ಲಿ, ಒಂದೆರಡು ಲಂಬ ಸಂದುಗಳು ಉಳಿದವಕ್ಕಿಂತ ದಪ್ಪ. ಉದ್ದದ ವ್ಯತ್ಯಾಸ ಅಗಲದ ಜೊತೆ ಪೂರ್ತಿ ಹೊಂದಿರಲಿಲ್ಲ ಎಂಬುದಕ್ಕೆ ಸಾಕ್ಷಿ ಅದು. ಟೈಲ್‌ನ ನಡುವಿನ ಉಬ್ಬಿಗೂ ಈ ವಿಧಾನದಲ್ಲಿ ಮದ್ದಿಲ್ಲ. ಸಾಲಿಗೆ ಸಾಲು ನೇರವಾಗಿ ಜೋಡಿಸಿದ್ದರಿಂದ ಮೂಲೆಗೆ ಮೂಲೆ ಬಂದು ಅದು ತೋರುತ್ತಿಲ್ಲ ಅಷ್ಟೇ.

ಈ ಪ್ರಕರಣದಲ್ಲಿ ದುಬಾರಿಯಾದದ್ದು ಅಳತೆಯ ವ್ಯತ್ಯಾಸವಲ್ಲ, ಅದು ಗೊತ್ತಾದ ಸಮಯ. ಡಬ್ಬಿ ಒಡೆಯುವ ಮೊದಲು ಬ್ಯಾಚ್ ಸಂಖ್ಯೆ ನೋಡಿದ್ದರೆ, ಹತ್ತು ಟೈಲ್ಸ್ ಅನ್ನು ಒಟ್ಟಿಗೆ ನಿಲ್ಲಿಸಿ ಅಂಚಿನ ಮೇಲೆ ಅಂಗೈ ಆಡಿಸಿದ್ದರೆ ಒಂದು ಗೋಡೆಯ ಕೂಲಿ, ಹತ್ತು ಟೈಲ್ಸ್, ಅಡುಗೆಮನೆಯ ಹೊಸ ಖರೀದಿ ಎಲ್ಲ ಉಳಿಯುತ್ತಿತ್ತು. ಬ್ಯಾಚ್‌ಗೊಂದು ಬಚ್ಚಲು ಎಂದು ಹಂಚಿದ್ದರೆ ಹಲಗೆಯ ಕೆಲಸವೂ ಬಹುಪಾಲು ತಪ್ಪುತ್ತಿತ್ತು. ಅ ಗುಂಪಿನ ಹೆಚ್ಚಿನವು ಒಂದೇ ಬ್ಯಾಚಿನವಾಗಿದ್ದವು. ಅದು ಆಗದೆ ಹೋದ ಕಡೆ, ಎರಡು ಬ್ಯಾಚ್ ಬೆರೆತುಹೋದ ಕಡೆ, ಆಯುವ ಅರ್ಧ ದಿನಕ್ಕೆ ಅಂಜಬೇಕಾಗಿಲ್ಲ. ಕಿತ್ತು ಮತ್ತೆ ಕಟ್ಟುವುದಕ್ಕೆ ಹಿಡಿದದ್ದು ಅದಕ್ಕಿಂತ ಬಹಳ ಹೆಚ್ಚು.

ಉಳಿದ 19 ಟೈಲ್ಸ್ ಅಟ್ಟದ ಮೇಲಿವೆ, ಹಿಂಬದಿಯ ಅಕ್ಷರ ಅಳಿಸಿಲ್ಲ. ಯಾವ ಗೋಡೆಗೆ ಯಾವ ಗುಂಪು ಎಂಬ ಚೀಟಿಯನ್ನು ಮೀಟರ್ ಪೆಟ್ಟಿಗೆಯೊಳಗೆ ಅಂಟಿಸಲಾಗಿದೆ.

ಬಗೆಹರಿಯದೆ ಉಳಿದದ್ದು ಆಯುವ ಕೂಲಿಯ ಪ್ರಶ್ನೆ. ನಮ್ಮಲ್ಲಿ ಟೈಲ್ಸ್ ಕೆಲಸ ಚದರಡಿ ಲೆಕ್ಕದಲ್ಲಿ ನಡೆಯುತ್ತದೆ. ಗೋಡೆ ಏರಿದಷ್ಟೇ ದುಡ್ಡು. ಹಲಗೆಯ ಮುಂದೆ ಕುಳಿತ ಹೊತ್ತಿಗೆ ಚದರಡಿ ಇಲ್ಲ. ಇಲ್ಲಿ ಮನೆಯೊಡತಿ ತಾವಾಗಿಯೇ ಅರ್ಧ ದಿನದ ಸಂಬಳ ಸೇರಿಸಿ ಕೊಟ್ಟರು. ಮೇಸ್ತ್ರಿ ಈಗ ದರಪಟ್ಟಿ ಬರೆದುಕೊಡುವಾಗ "ಟೈಲ್ಸ್ ಆಯ್ದು ಗುಂಪು ಮಾಡುವ ಕೂಲಿ ಬೇರೆ" ಎಂದು ಒಂದು ಸಾಲು ಸೇರಿಸುತ್ತಾರೆ. ಹೆಚ್ಚಿನ ಮನೆಯವರು ಮೊದಲು ಹೊಡೆದುಹಾಕುವುದು ಅದನ್ನೇ ಅಂತೆ.